ಸೀಟ್ ಸಿಕ್ತು ಸರಿ, ಸ್ಟೈಪೆಂಡ್ ಯಾರು ಕೊಡ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪಿಎಚ್‌ಡಿದೇ. ಅಡ್ಮಿಷನ್ ಸೀಸನ್ ಅಲ್ವಾ. ಹೆಸರು ಹಾಕ್ಬೇಡಿ ಅಂತ ತುಂಬ ಜನ ಕೇಳ್ಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಹಾಕಿಲ್ಲ, ಉದ್ದ ಇದ್ದ ಪತ್ರಗಳನ್ನ ಸ್ವಲ್ಪ ಕತ್ತರಿಸಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ. ಹೊರದೇಶದಲ್ಲಿ ಪಿಎಚ್‌ಡಿ ಮಾಡೋ ಆಸೆ. ರ‍್ಯಾಂಕಿಂಗ್ ನೋಡಿ ಹದಿನೈದು ಯೂನಿವರ್ಸಿಟಿ ಲಿಸ್ಟ್ ಮಾಡಿ ಇಟ್ಕೊಂಡಿದೀನಿ. ಮಾರ್ಕ್ಸ್ ಅಷ್ಟೇನೂ ಚೆನ್ನಾಗಿಲ್ಲ. ಜಿಆರ್‌ಇ ಪ್ರವೇಶ ಪರೀಕ್ಷೆ ಬರೀಲೇಬೇಕಾ? ಎಸ್‌ಒಪಿಲಿ (ಯಾಕೆ ಓದ್ಬೇಕು ಅಂತ ನಾವೇ ಬರೆದು ಕಳಿಸೋ ಪತ್ರ) ಚಿಕ್ಕಂದಿನಿಂದ ನಕ್ಷತ್ರ ನೋಡೋ ಹುಚ್ಚು ಇತ್ತು ಅಂತೆಲ್ಲ ಬರೀಬೇಕು ಅಂತ ಫ್ರೆಂಡ್ಸ್ ಹೇಳ್ತಾರೆ, ಹೌದಾ?

ಉತ್ತರ: ನಕ್ಷತ್ರ ಬೇಡ. ಅಡ್ಮಿಷನ್ ಕಮಿಟಿಲಿ ಕೂತಿರೋರು ಒಂದೇ ವಾರದಲ್ಲಿ ರಾಶಿ ರಾಶಿ ಎಸ್‌ಒಪಿ ಓದ್ಬೇಕು, ಅದ್ರಲ್ಲಿ ಅರ್ಧ ಜನ ಚಿಕ್ಕಂದಿನಲ್ಲೇ ಟೆರೇಸ್ ಮೇಲೆ ಮಲಗಿ ಆಕಾಶ ನೋಡ್ದೋರೇ ಆಗಿರ್ತಾರೆ. ಅವ್ರು ಹುಡುಕೋದು ಬೇರೆ. ನಿಮ್ಮ ಎಂಎಸ್ಸಿ ಪ್ರಾಜೆಕ್ಟಲ್ಲಿ ಕೇಳ್ತಿದ್ದ ಪ್ರಶ್ನೆ ಏನು, ಮಧ್ಯದಲ್ಲಿ ಎಲ್ಲಿ ಕೈಕೊಡ್ತು, ಕೈಕೊಟ್ಟಾಗ ನೀವೇನು ಮಾಡಿದ್ರಿ, ಡೇಟಾ ಹೊಂದ್ಲಿಲ್ಲ ಅಂದಾಗ ಗೈಡ್ ಹೇಳಿದ್ದನ್ನೇ ಮಾಡಿದ್ರಾ ಅಥ್ವಾ ನಿಮಗೇ ಏನಾದ್ರೂ ಹೊಳೀತಾ, ಇಷ್ಟು ಬರೆದ್ರೆ ಓದೋರು ಎದ್ದು ಕೂರ್ತಾರೆ. ಆಮೇಲೆ ಆ ಡಿಪಾರ್ಟ್‌ಮೆಂಟಲ್ಲಿ ಯಾರ ಜೊತೆ ಕೆಲ್ಸ ಮಾಡ್ಬೇಕು ಅಂತಿದೀರಿ, ಯಾಕೆ ಅಂತ. ಆ "ಯಾಕೆ" ಅವರ ವೆಬ್‌ಪೇಜಿನ ಮೊದಲ ಸಾಲಿನಿಂದ ಕಾಪಿ ಹೊಡೆದದ್ದು ಆಗಿರ್ಬಾರ್ದು, ಅವ್ರು ಬರೆದ ಸಾಲು ಅವ್ರಿಗೆ ಗುರುತು ಸಿಗಲ್ವಾ?

ಜಿಆರ್‌ಇ ವಿಷ್ಯ. ಅಮೆರಿಕದಲ್ಲಿ ಸೈನ್ಸ್ ಡಿಪಾರ್ಟ್‌ಮೆಂಟ್‌ಗಳು ಎಷ್ಟೋ ಅದನ್ನ ಕೈಬಿಟ್ಟಿವೆ, 2020ರಲ್ಲಿ ಕೋವಿಡ್ ಅಂತ ಬಿಟ್ಟೋರಲ್ಲಿ ತುಂಬ ಜನ ವಾಪಸ್ ತರ್ಲೇ ಇಲ್ಲ. ಯೂರೋಪಲ್ಲಿ ಸಾಮಾನ್ಯವಾಗಿ ಕೇಳೋದೇ ಇಲ್ಲ. ಡಿಪಾರ್ಟ್‌ಮೆಂಟ್ ಪೇಜ್ ತೆಗೆದು ನೋಡಿ, ಯೂನಿವರ್ಸಿಟಿ ಮೇನ್ ಪೇಜ್ ಅಲ್ಲ, ಡಿಪಾರ್ಟ್‌ಮೆಂಟ್‌ದು. ಬೇಕೇ ಬೇಕು ಅಂತಿದ್ರೆ ಬರೀರಿ. ಕಳಿಸಿದ್ರೂ ನೋಡಲ್ಲ ಅಂತಿದ್ರೆ ಆ ದುಡ್ಡು ಉಳೀತು. ಇಷ್ಟ ಇದ್ರೆ ಕಳಿಸಿ ಅಂತಿದ್ದಾಗ, ಮಾರ್ಕ್ಸ್ ಕಮ್ಮಿ ಇರೋ ನಿಮ್ಮಂಥೋರಿಗೆ ಒಳ್ಳೆ ಸ್ಕೋರ್ ಒಂದು ಆಸರೆ ಆಗ್ಬಹುದು. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ 2 ಗಂಟೆ ಒಳಗೇ ಮುಗಿಯತ್ತೆ, ಸ್ಕೋರ್ 5 ವರ್ಷ ನಡೆಯತ್ತೆ. ಇಂಗ್ಲಿಷ್ ಪರೀಕ್ಷೆ ಟೋಫೆಲ್ ಸ್ಕೋರ್ ಮಾತ್ರ 2 ವರ್ಷ ಅಷ್ಟೇ, ಅದನ್ನ ತುಂಬ ಮುಂಚೆ ಬರೆದು ಇಟ್ಕೋಬೇಡಿ.

ಇನ್ನು ಆ ಹದಿನೈದರ ಲಿಸ್ಟು. ರ‍್ಯಾಂಕಿಂಗ್ ಅನ್ನೋದು ಇಡೀ ಯೂನಿವರ್ಸಿಟಿದು, ನೀವು ಐದಾರು ವರ್ಷ ಕಳಿಯೋದು ಒಂದು ಲ್ಯಾಬಲ್ಲಿ, ಒಬ್ಬ ಮನುಷ್ಯರ ಕೈಕೆಳಗೆ. ಹಾಗಾಗಿ ಲಿಸ್ಟನ್ನ ಪೇಪರ್‌ಗಳಿಂದ ಮಾಡಿ. ನಿಮಗೆ ಇಷ್ಟ ಆದ ನಾಲ್ಕೈದು ಪೇಪರ್ ತಗೊಳ್ಳಿ, ಬರೆದೋರು ಎಲ್ಲಿದಾರೆ, ಅವ್ರ ಹಳೇ ಸ್ಟೂಡೆಂಟ್ಸ್ ಈಗ ಎಲ್ಲಿದಾರೆ ನೋಡಿ, ಎರಡು ಸಂಜೆ ಕೂತ್ರೆ ಬೇರೆನೇ ಲಿಸ್ಟ್ ಬರತ್ತೆ. ಇನ್ನೊಂದು, ದೇಶದಿಂದ ದೇಶಕ್ಕೆ ದಾರಿನೇ ಬೇರೆ. ಅಮೆರಿಕದಲ್ಲಿ ಡಿಸೆಂಬರ್ ಹೊತ್ತಿಗೆ ಡಿಪಾರ್ಟ್‌ಮೆಂಟ್‌ಗೆ ಅಪ್ಲಿಕೇಷನ್, ಕಮಿಟಿ ಆಯ್ಕೆ ಮಾಡತ್ತೆ, ಗೈಡ್ ಆಮೇಲೆ. ಬಯಾಲಜಿ ಕಡೆ ಆದ್ರೆ ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ಕೆಲವು ವಾರ ರೊಟೇಷನ್ ಮಾಡಿ ಆಮೇಲೆ ಒಂದ್ಕಡೆ ಸೇರೋದು. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್ ಕಡೆ ಪಿಎಚ್‌ಡಿ ಅಂದ್ರೆ ಬಹುಪಾಲು ಒಂದು ಕೆಲಸ. ಜಾಹೀರಾತು ಬರತ್ತೆ, ಅಪ್ಲೈ ಮಾಡ್ತೀರಿ, ಇಂಟರ್‌ವ್ಯೂ, ಕಾಂಟ್ರಾಕ್ಟ್. ಅಲ್ಲಿ ಸೀಸನ್ ಅಂತೇನಿಲ್ಲ, ವರ್ಷ ಪೂರ್ತಿ ನೋಡ್ತಾ ಇರ್ಬೇಕು. ನಿಮ್ಮ ಹತ್ರ ಮಾಸ್ಟರ್ಸ್ ಇರತ್ತಲ್ಲ, ಅಲ್ಲಿ ಸಾಮಾನ್ಯವಾಗಿ ಅದು ಇರ್ಲೇಬೇಕು, ಆ ಮಟ್ಟಿಗೆ ನಿಮಗೆ ಬಾಗಿಲು ತೆರೆದಿದೆ.

ರೆಕಮೆಂಡೇಷನ್ ಲೆಟರ್ ಬಗ್ಗೆ ನೀವು ಕೇಳೇ ಇಲ್ಲ, ಆದ್ರೆ ಮಾರ್ಕ್ಸ್ ಕಮ್ಮಿ ಇದ್ದಾಗ ಕೈ ಹಿಡಿಯೋದು ಅದೇ. ಎಚ್‌ಒಡಿ ಅಂತ ಎಚ್‌ಒಡಿ ಹತ್ರ ಹೋಗ್ಬೇಡಿ. "ಈ ಹುಡುಗ ನನ್ನ ಕ್ಲಾಸಲ್ಲಿದ್ದ, ಶಿಸ್ತಿನ ಹುಡುಗ" ಅನ್ನೋ ಲೆಟರ್ ಯಾವ ದೊಡ್ಡ ಹೆಸರಿಂದ ಬಂದ್ರೂ ಖಾಲಿ ಲೆಟರೇ. ನಿಮ್ಮ ಕೆಲಸ ಕಣ್ಣಾರೆ ನೋಡಿರೋರು ಬೇಕು. ಒಂದು ತಿಂಗಳು ಮುಂಚೆ ಕೇಳಿ, ನಿಮ್ಮ ಸಿವಿ, ಎಸ್‌ಒಪಿ ಡ್ರಾಫ್ಟು, ಯಾವ್ಯಾವ ತಾರೀಕು ಕೊನೆ ಅನ್ನೋದು ಒಂದೇ ಮೇಲಲ್ಲಿ ಕಳಿಸಿ, ಡೆಡ್‌ಲೈನಿಗೆ ವಾರ ಇದ್ದಾಗ ಒಂದ್ಸಲ ನೆನಪಿಸಿ, ಅವ್ರು ಬೈಕೊಳ್ಳಲ್ಲ, ಮರ್ತಿರ್ತಾರೆ ಅಷ್ಟೇ. ಅಪ್ಲಿಕೇಷನ್ ಫೀ ಕಟ್ಟೋಕೆ ಕಷ್ಟ ಇದ್ರೆ ವೇವರ್, ಅಂದ್ರೆ ಮನ್ನಾ, ಇದ್ಯಾ ಅಂತ ಗ್ರಾಜುಯೇಟ್ ಆಫೀಸಿಗೆ ಎರಡು ಸಾಲು ಬರೀರಿ. ಎಷ್ಟೋ ಕಡೆ ಇರತ್ತೆ, ಕೇಳೋರು ಕಮ್ಮಿ.

ಪ್ರಶ್ನೆ: ಎರಡು ಆಫರ್ ಬಂದಿದೆ. ಒಂದು ತುಂಬ ದೊಡ್ಡ ಹೆಸರಿನ ಅಮೆರಿಕನ್ ಯೂನಿವರ್ಸಿಟಿ, ಆದ್ರೆ ಅದು ಮಾಸ್ಟರ್ಸ್‌ಗೆ, ಫಂಡಿಂಗ್ ಇಲ್ಲ, "ಸೇರಿದ ಮೇಲೆ ಆರ್‌ಎ, ಅಂದ್ರೆ ರಿಸರ್ಚ್ ಅಸಿಸ್ಟೆಂಟ್ ಕೆಲಸ, ಸಿಗೋ ಸಾಧ್ಯತೆ ಇದೆ" ಅಂತ ಹೇಳಿದಾರೆ. ಇನ್ನೊಂದು ಯಾರೂ ಹೆಸರು ಕೇಳಿರದ ಯೂನಿವರ್ಸಿಟಿ, ಪಿಎಚ್‌ಡಿ, ಟ್ಯೂಷನ್ ವೇವರ್ ಮತ್ತೆ ಸ್ಟೈಪೆಂಡ್ ಎರಡೂ ಇದೆ. ಮನೇಲಿ ಸಾಲ ಮಾಡಿಯಾದ್ರೂ ದೊಡ್ಡದಕ್ಕೇ ಹೋಗು ಅಂತಾರೆ. ಎರಡನೇದವ್ರು ಬೇಗ ಉತ್ತರ ಕೊಡಿ ಅಂತ ಮೇಲ್ ಮೇಲೆ ಮೇಲ್ ಹಾಕ್ತಿದಾರೆ.

ಉತ್ತರ: ಕಡೇದರಿಂದ ಬರ್ತೀನಿ. ಗಾಬರಿ ಬೀಳ್ಬೇಡಿ. ಅಮೆರಿಕದಲ್ಲಿ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅಂತ ಒಂದಿದೆ, ಅವರ ಏಪ್ರಿಲ್ 15ರ ಒಪ್ಪಂದಕ್ಕೆ ತುಂಬ ಯೂನಿವರ್ಸಿಟಿಗಳು ಸಹಿ ಹಾಕಿವೆ. ಫಂಡಿಂಗ್ ಜೊತೆ ಬಂದ ಆಫರಿಗೆ ಏಪ್ರಿಲ್ 15ಕ್ಕೆ ಮುಂಚೆ ಉತ್ತರ ಕೊಡೋ ಕಟ್ಟುಪಾಡು ಸ್ಟೂಡೆಂಟಿಗೆ ಇಲ್ಲ ಅಂತ ಅದರ ಅರ್ಥ. ನಿಮ್ಮ ಯೂನಿವರ್ಸಿಟಿ ಆ ಲಿಸ್ಟಲ್ಲಿದ್ಯಾ ನೋಡಿ, ಇದ್ರೆ ವಿನಯವಾಗೇ "ಏಪ್ರಿಲ್ 15ರೊಳಗೆ ತಿಳಿಸ್ತೀನಿ" ಅಂತ ಬರೆದುಬಿಡಿ. ಹಾಗಂತ ಸುಮ್ನೆ ಹಿಡ್ಕೊಂಡು ಕೂರೋದೂ ಸರಿ ಅಲ್ಲ, ನಿಮ್ಮ ಹಿಂದೆ ವೇಟಿಂಗ್ ಲಿಸ್ಟಲ್ಲಿ ಯಾರೋ ಕಾಯ್ತಿರ್ತಾರೆ.

"ಆರ್‌ಎ ಸಿಗೋ ಸಾಧ್ಯತೆ ಇದೆ" ಅನ್ನೋದು ಫಂಡಿಂಗ್ ಅಲ್ಲ. ಅದು ಹಾರೈಕೆ. ಅಲ್ಲಿ ಪ್ರೊಫೆಸರ್ ಹತ್ರ ಗ್ರಾಂಟ್ ದುಡ್ಡಿದ್ರೆ ಮೊದಲು ಅವರ ಪಿಎಚ್‌ಡಿ ಸ್ಟೂಡೆಂಟ್‌ಗಳಿಗೆ ಹೋಗತ್ತೆ, ಉಳಿದ್ರೆ ಮಾಸ್ಟರ್ಸ್‌ನೋರಿಗೆ. ಸೈನ್ಸಲ್ಲಿ ಅಮೆರಿಕದ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸ್ ಅವ್ರೇ ಕಟ್ಟಿ ಮೇಲಿಂದ ಸ್ಟೈಪೆಂಡ್ ಕೊಡ್ತಾರೆ, ಮಾಸ್ಟರ್ಸ್ ಬಹುಪಾಲು ಕೈಯಿಂದ ಕಟ್ಟಿ ಓದೋದು. ಹಾಗಾಗಿ ನೀವು ಹೋಲಿಸ್ತಿರೋದು ಎರಡು ಯೂನಿವರ್ಸಿಟಿನಲ್ಲ, ಸಾಲ ಇರೋ ಎರಡು ವರ್ಷಾನ ಮತ್ತು ಸಂಬಳ ಇರೋ ಐದು ವರ್ಷಾನ. ನನ್ನ ಓಟು ಎರಡನೇದಕ್ಕೆ, ಆದ್ರೆ ಒಂದು ಷರತ್ತಿದೆ, ಆಫರ್ ಲೆಟರನ್ನ ವಕೀಲರ ಥರ ಓದ್ಬೇಕು.

ಏನು ಓದ್ಬೇಕು ಅಂದ್ರೆ, ಸ್ಟೈಪೆಂಡ್ 9 ತಿಂಗಳಿಗಾ 12 ತಿಂಗಳಿಗಾ. ಇದೇ ಎಲ್ರೂ ಎಡವೋ ಜಾಗ. ವಾರ್ಷಿಕ ಅಂತ ದೊಡ್ಡ ಅಂಕಿ ಹಾಕಿರ್ತಾರೆ, ಬೇಸಿಗೆ ಮೂರು ತಿಂಗಳು ನಿಮ್ಮ ಪಾಡು ನಿಮಗೆ ಅಂತ ಕೆಳಗೆಲ್ಲೋ ಇರತ್ತೆ. ಆಮೇಲೆ ಎಷ್ಟು ವರ್ಷಕ್ಕೆ ಗ್ಯಾರಂಟಿ, ಬರೀ ಮೊದಲ ವರ್ಷಕ್ಕಾ, ಐದಕ್ಕೂನಾ. ಟ್ಯೂಷನ್ ಮನ್ನಾ ಆದ್ರೂ "ಫೀಸ್" ಅಂತ ಬೇರೆ ಕೆಲವು ಇರತ್ತೆ, ಅದೂ ಮನ್ನಾನಾ. ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ತಾರೆ. ಟಿಎ, ಅಂದ್ರೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ, ವಾರಕ್ಕೆ ಎಷ್ಟು ಗಂಟೆ (ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಸೆಮಿಸ್ಟರ್ ನಡೀವಾಗ 20 ಗಂಟೆಗಿಂತ ಜಾಸ್ತಿ ಕ್ಯಾಂಪಸ್ ಕೆಲಸ ಮಾಡೋ ಹಾಗಿಲ್ಲ, ಅಂದ್ರೆ ಮೇಲೆ ಇನ್ನೊಂದು ಕೆಲಸ ಹಿಡಿದು ಸರಿದೂಗಿಸ್ತೀನಿ ಅನ್ನೋ ಲೆಕ್ಕ ನಡೆಯಲ್ಲ). "ತೃಪ್ತಿಕರ ಪ್ರಗತಿ ಇದ್ದಲ್ಲಿ" ಅನ್ನೋ ಮಾತು ಎಲ್ಲ ಲೆಟರಲ್ಲೂ ಇರತ್ತೆ, ಅದಕ್ಕೆ ಹೆದ್ರಬೇಡಿ, ಆದ್ರೆ "ಬಜೆಟ್ ಲಭ್ಯತೆಗೆ ಒಳಪಟ್ಟು" ಅಂತಿದ್ರೆ ಕಳೆದ ಐದು ವರ್ಷದಲ್ಲಿ ಯಾರಿಗಾದ್ರೂ ನಿಲ್ಸಿದೀರಾ ಅಂತ ಕೇಳಿ. ಬರಹದಲ್ಲೇ ಕೇಳಿ. ಫೋನಲ್ಲಿ ಹೇಳಿದ್ದು ಫೋನಲ್ಲೇ ಉಳಿಯತ್ತೆ.

ಮತ್ತೆ ಆ ಊರಲ್ಲಿ ಬಾಡಿಗೆ ಎಷ್ಟು? ದೊಡ್ಡ ನಗರದ ದೊಡ್ಡ ಸ್ಟೈಪೆಂಡ್ ಅರ್ಧಕ್ಕರ್ಧ ಬಾಡಿಗೆಗೇ ಹೋಗ್ಬಹುದು, ಸಣ್ಣ ಊರಿನ ಸಣ್ಣ ಸ್ಟೈಪೆಂಡಲ್ಲಿ ಕೈಯಲ್ಲಿ ಒಂದಿಷ್ಟು ಉಳೀಬಹುದು. ಇದನ್ನೆಲ್ಲ ಸರಿಯಾಗಿ ಹೇಳೋರು ಅಲ್ಲಿರೋ ಸ್ಟೂಡೆಂಟ್ಸೇ. ಇಬ್ಬರು ಮೂವರ ಹತ್ರ ಮಾತಾಡಿ, ಪ್ರೊಫೆಸರ್ ಇಲ್ದೇ ಇರೋ ವೀಡಿಯೊ ಕಾಲಲ್ಲಿ. "ನಿಮ್ಮ ಗೈಡ್ ಹೇಗೆ" ಅಂದ್ರೆ ಎಲ್ರೂ ಚೆನ್ನಾಗಿದಾರೆ ಅಂತಾರೆ. "ನಿಮ್ಮ ಲ್ಯಾಬಲ್ಲಿ ಕೊನೇ ಮೂರು ಜನಕ್ಕೆ ಮುಗಿಸೋಕೆ ಎಷ್ಟು ವರ್ಷ ಆಯ್ತು, ಮಧ್ಯದಲ್ಲಿ ಬಿಟ್ಟೋದೋರು ಇದಾರಾ" ಅಂತ ಕೇಳಿ, ಆಮೇಲೆ ಅವ್ರು ಎಷ್ಟು ಹೊತ್ತು ಸುಮ್ನಿರ್ತಾರೆ ನೋಡಿ.

ಪ್ರಶ್ನೆ: ಅಮ್ಮಾ, ನಾನು ನಿವೃತ್ತ ನೌಕರ. ಮಗಳು ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಪಿಎಚ್‌ಡಿ ಅಂತ ಕೂತಿದ್ದಾಳೆ. ಇನ್ನೂ ಐದಾರು ವರ್ಷ ಓದು ಅಂದ್ರೆ ಖರ್ಚು ಹೇಗೆ, ಅವಳ ಸಂಪಾದನೆ ಯಾವಾಗ, ಮದುವೆ ಯಾವಾಗ? ನೀವೇ ಒಂದು ಮಾತು ತಿಳಿಹೇಳಿ.

ಉತ್ತರ: ಸರ್, ತಿಳಿಹೇಳೋದು ಮಗಳಿಗೋ ನಿಮಗೋ ಅಂತ ಪತ್ರದಲ್ಲಿ ಸ್ಪಷ್ಟ ಇಲ್ಲ, ಹಾಗಾಗಿ ನಿಮಗೇ ಹೇಳ್ತೀನಿ. ಸೈನ್ಸ್ ಪಿಎಚ್‌ಡಿಗೆ ನೀವು ಫೀಸ್ ಕಟ್ಟೋ ಸಂದರ್ಭ ಬರಬಾರದು. ಬಂದ್ರೆ ಆ ಸೀಟು ಬೇಡ ಅಂತ ಅವಳಿಗೆ ನಾನೇ ಹೇಳ್ತೀನಿ. ಪಿಎಚ್‌ಡಿ ಮಾಡೋರು ಲ್ಯಾಬಿನ ಕೆಲಸ ಮಾಡ್ತಾರೆ, ಪಾಠ ಮಾಡ್ತಾರೆ, ಪೇಪರ್ ತಿದ್ದುತ್ತಾರೆ, ಅದಕ್ಕೆ ಸಿಗೋ ದುಡ್ಡು ದಾನ ಅಲ್ಲ. ಜರ್ಮನಿಯಲ್ಲಂತೂ ಎಷ್ಟೋ ಜನ ಟಿವಿ-ಎಲ್ ಅನ್ನೋ ಸರ್ಕಾರಿ ವೇತನ ಶ್ರೇಣಿಯ ಇ-13 ದರ್ಜೆಯಲ್ಲಿ ನೌಕರರು. ಕಾಗದದಲ್ಲಿ ಅರ್ಧ ಅಥವಾ ಮುಕ್ಕಾಲು ಹುದ್ದೆ ಇರತ್ತೆ, ಕೆಲಸ ಮಾತ್ರ ಪೂರ್ತಿ, ಅದು ಬೇರೆ ಜಗಳ. ಪಿಂಚಣಿ ವಂತಿಗೆ, ಆರೋಗ್ಯ ವಿಮೆ ಎಲ್ಲ ಕಟ್ಟಿಸ್ಕೊಳ್ತಾರೆ. ಹಾಗಾಗಿ ಸಂಪಾದನೆ ಮೊದಲ ತಿಂಗಳಿಂದಲೇ, ಜಾಸ್ತಿ ಅಲ್ಲ, ಆದ್ರೆ ಅವಳ ಹೊಟ್ಟೆ ಬಟ್ಟೆಗೆ ಸಾಲತ್ತೆ.

ಮದುವೆ ವಿಷ್ಯ ನಾನು ಹೇಳೋದಲ್ಲ, ಅವಳು ಹೇಳ್ಬೇಕಾದ್ದು. ಪಿಎಚ್‌ಡಿ ಮಧ್ಯೆ ಮದುವೆ ಆದೋರು, ಮಗು ಆದೋರು, ಎರಡೂ ಆಗಿ ಥೀಸಿಸ್ ಮುಗಿಸಿದೋರು ಬೇಕಾದಷ್ಟು ಜನ ಇದಾರೆ. ಕಷ್ಟ ಆಗೋದು ಮದುವೆ ಆಗಿದ್ದಕ್ಕಲ್ಲ, ಜೊತೆಗಿರೋರಿಗೆ ಈ ಕೆಲಸದ ರೀತಿ ಗೊತ್ತಿಲ್ದಿದ್ರೆ. ಭಾನುವಾರ ರಾತ್ರಿ ಹತ್ತಕ್ಕೆ ಲ್ಯಾಬಿಗೆ ಹೋಗಿ ರಿಯಾಕ್ಷನ್ ನಿಲ್ಲಿಸಿ ಬರ್ಬೇಕು ಅಂದ್ರೆ "ಯಾಕೆ" ಅನ್ನದೆ "ಬಾಗಿಲು ಹಾಕ್ಕೊಂಡು ಹೋಗು" ಅನ್ನೋರು ಬೇಕು.

ಪ್ರಶ್ನೆ: ಅಕ್ಕಾ, ನಾನು ಮಾಲಿಕ್ಯುಲರ್ ಬಯಾಲಜಿ ಪಿಎಚ್‌ಡಿ ಎರಡನೇ ವರ್ಷ, ಅಮೆರಿಕದಲ್ಲಿದೀನಿ. ಈಗ ಏಳು ವಾರದ ಬಸುರಿ. ಮೂರು ತಿಂಗಳು ಆಗೋವರೆಗೂ ಯಾರಿಗೂ ಹೇಳ್ಬಾರ್ದು ಅಂತಿದ್ವಿ. ಆದ್ರೆ ಲ್ಯಾಬಲ್ಲಿ ಫಾರ್ಮಮೈಡ್ ಬಳಸ್ತೀನಿ, ಪಕ್ಕದ ಬೆಂಚಲ್ಲಿ ಪಿ-32 ಅನ್ನೋ ವಿಕಿರಣಶೀಲ ರಂಜಕದ ಕೆಲಸ ನಡೆಯತ್ತೆ. ಗೈಡ್ ಹೇಗೆ ತಗೋತಾರೋ ಅಂತ ಭಯ. ಸ್ಟೈಪೆಂಡ್ ನಿಂತ್ರೆ?

ಉತ್ತರ: ಮೊದಲು ಅಭಿನಂದನೆ. ಗೈಡಿಗೆ ಯಾವಾಗ ಹೇಳ್ಬೇಕು ಅನ್ನೋದನ್ನ ಆಮೇಲೆ ನೋಡೋಣ, ಸೇಫ್ಟಿ ಆಫೀಸಿಗೆ ಮಾತ್ರ ನಾಳೆನೇ ಹೋಗಿ. ಪ್ರತಿ ಯೂನಿವರ್ಸಿಟಿಲೂ ಪರಿಸರ ಮತ್ತು ಸುರಕ್ಷತೆ ವಿಭಾಗ ಅಂತ ಇರತ್ತೆ, ಇದನ್ನ ಗುಟ್ಟಾಗಿಡಬೇಕು ಅಂತ ಮೊದಲೇ ಹೇಳಿ ಮಾತು ಶುರು ಮಾಡಿ. ನೀವು ಬಳಸೋ ಕೆಮಿಕಲ್‌ಗಳ ಪೂರ್ತಿ ಪಟ್ಟಿ ತಗೊಂಡು ಹೋಗಿ, ಒಂದೊಂದರ ಸೇಫ್ಟಿ ಡೇಟಾ ಶೀಟಲ್ಲಿ ಸಂತಾನೋತ್ಪತ್ತಿಗೆ ಹಾನಿ ಅನ್ನೋ ಭಾಗ ನೋಡಿ. ಮೂರು ತಿಂಗಳು ಕಾಯೋಣ ಅಂತ ಅಂದ್ಕೊಂಡ್ರಲ್ಲ, ತೊಂದ್ರೆ ಏನಂದ್ರೆ ಭ್ರೂಣದ ಅಂಗಾಂಗ ಮೂಡೋದೇ ಆ ಮೊದಲ ವಾರಗಳಲ್ಲಿ, ಎಚ್ಚರ ಜಾಸ್ತಿ ಬೇಕಾಗಿರೋದೂ ಆವಾಗ್ಲೇ. ಫಾರ್ಮಮೈಡ್ ಹೊಟ್ಟೆಲಿರೋ ಮಗುವಿಗೆ ಹಾನಿ ಮಾಡ್ಬಹುದು ಅಂತ ವರ್ಗೀಕರಣ ಆಗಿರೋ ದ್ರಾವಕ. ಡಿಎಂಎಫ್ ಅನ್ನೋ ಇನ್ನೊಂದು ದ್ರಾವಕ ಕೂಡ ಅದೇ ಸಾಲಿಗೆ ಸೇರಿದ್ದು, ಅದು ಮಾಮೂಲಿ ನೈಟ್ರೈಲ್ ಗ್ಲೌಸ್ ದಾಟಿ ಬೇಗ ಒಳಗೆ ಬರತ್ತೆ, ಗ್ಲೌಸ್ ಹಾಕಿದೀನಲ್ಲ ಅನ್ನೋ ಧೈರ್ಯ ಬೇಡ. ಆ ಫಾರ್ಮಮೈಡ್ ಕೆಲಸ ಕೆಲವು ತಿಂಗಳು ಬೇರೆಯೋರು ಮಾಡ್ಲಿ, ನೀವು ಅವ್ರ ಅನಾಲಿಸಿಸ್ ಮಾಡ್ಕೊಡಿ, ಲ್ಯಾಬ್‌ಗಳಲ್ಲಿ ಇಂಥ ಕೊಡುಕೊಳ್ಳೋದು ಮಾಮೂಲಿ.

ರೇಡಿಯೇಷನ್ ವಿಷ್ಯದಲ್ಲಿ ಅಮೆರಿಕದ ನಿಯಮ ಸ್ವಲ್ಪ ವಿಚಿತ್ರ. ರೇಡಿಯೇಷನ್ ಜೊತೆ ಕೆಲಸ ಮಾಡೋರಿಗೆ ವರ್ಷಕ್ಕೆ 50 ಮಿಲಿಸೀವರ್ಟ್ (ಮೈಗೆ ತಾಗೋ ವಿಕಿರಣ ಅಳೆಯೋ ಮಾನ) ಮಿತಿ. ಬಸುರಿ ಆದ್ರೆ ಭ್ರೂಣಕ್ಕೆ ಇಡೀ ಅವಧಿಗೆ 5 ಮಿಲಿಸೀವರ್ಟ್, ಆದ್ರೆ ಈ ಕಮ್ಮಿ ಮಿತಿ ಜಾರಿಗೆ ಬರೋದು ನೀವು ಬರಹದಲ್ಲಿ ಘೋಷಣೆ ಕೊಟ್ಟ ಮೇಲೇ. ಘೋಷಣೆ ಕೊಡೋದು ಬಿಡೋದು ನಿಮ್ಮಿಷ್ಟ, ಯಾರೂ ಬಲವಂತ ಮಾಡೋ ಹಾಗಿಲ್ಲ, ಆದ್ರೆ ಕೊಡ್ದಿದ್ರೆ ಕಾನೂನಿನ ಕಣ್ಣಲ್ಲಿ ನೀವು ಬಸುರಿ ಅಲ್ಲ. ಪಕ್ಕದ ಬೆಂಚು ಅಂದ್ರಿ, ಪಿ-32ಗೆ ಅಕ್ರಿಲಿಕ್ ಶೀಲ್ಡ್ ಸಾಕು, ಅದಿದ್ಯಾ, ನಿಮ್ಮ ಜಾಗದಲ್ಲಿ ರೀಡಿಂಗ್ ಎಷ್ಟು ಬರತ್ತೆ ಅಂತ ಅಳೆದುಕೊಡಿ ಅಂತ ರೇಡಿಯೇಷನ್ ಸೇಫ್ಟಿಯೋರಿಗೆ ಹೇಳಿ. ಬಹುಶಃ ಏನೂ ಇರಲ್ಲ. ಆ "ಏನೂ ಇಲ್ಲ" ಅನ್ನೋದನ್ನ ಮೀಟರಲ್ಲಿ ಕಣ್ಣಾರೆ ನೋಡಿದ್ರೆ ರಾತ್ರಿ ನಿದ್ದೆ ಬರತ್ತೆ.

ರಜೆ ಮತ್ತು ದುಡ್ಡು. ಬ್ರಿಟನ್ನಿನಲ್ಲಿ ಸಂಶೋಧನೆಗೆ ಸರ್ಕಾರಿ ದುಡ್ಡು ಹಂಚೋ ಯುಕೆಆರ್‌ಐ ಸಂಸ್ಥೆಯ ಸ್ಟೂಡೆಂಟ್‌ಶಿಪ್ ಇದ್ದೋರಿಗೆ 52 ವಾರದವರೆಗೂ ಹೆರಿಗೆ ರಜೆ, ಮೊದಲ 26 ವಾರ ಪೂರ್ತಿ ಸ್ಟೈಪೆಂಡ್. ಜರ್ಮನಿಯಲ್ಲಿ ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ರಕ್ಷಣೆ ಇದೆ, 2018ರಿಂದ ವಿದ್ಯಾರ್ಥಿಗಳಿಗೂ ಆ ಕಾನೂನು ವಿಸ್ತರಿಸಿದಾರೆ, ಮತ್ತೆ ಅಲ್ಲಿ ತಾತ್ಕಾಲಿಕ ಕಾಂಟ್ರಾಕ್ಟಿಗೆ ಇರೋ ಗರಿಷ್ಠ ಅವಧಿಯನ್ನ ಒಂದೊಂದು ಮಗುವಿಗೆ ಎರಡೆರಡು ವರ್ಷ ಮುಂದೆ ತಳ್ಳೋ ಅವಕಾಶ ಇದೆ. ನೀವಿರೋ ಅಮೆರಿಕದಲ್ಲಿ ಒಂದೊಂದು ಯೂನಿವರ್ಸಿಟಿಗೆ ಒಂದೊಂದು ಪಾಲಿಸಿ. ಗ್ರಾಜುಯೇಟ್ ಸ್ಕೂಲ್ ಹ್ಯಾಂಡ್‌ಬುಕ್ಕಲ್ಲಿ ಪೇರೆಂಟಲ್ ಅಕಾಮೊಡೇಷನ್ ಅಂತ ಹುಡುಕಿ, ಅದನ್ನ ಪ್ರಿಂಟ್ ಹಾಕ್ಕೊಂಡು ಗೈಡ್ ಹತ್ರ ಹೋಗಿ. ಬರೀ ಕೈಲಿ ಹೋದ್ರೆ ರಜೆ "ಬೇಡೋ" ಥರ ಆಗತ್ತೆ, ಪಾಲಿಸಿ ಹಿಡ್ಕೊಂಡು ಹೋದ್ರೆ ಪ್ಲಾನ್ ಮಾಡೋ ಮಾತುಕತೆ ಆಗತ್ತೆ. ಎಫ್-1 ಇದ್ರೆ ಇನ್ನೊಂದು, ಕೋರ್ಸ್ ಕಮ್ಮಿ ಮಾಡೋ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿಂದ ಅನುಮತಿ ತಗೊಳ್ಳಿ. ಡಾಕ್ಟರ್ ಲೆಟರ್ ಇದ್ರೆ ವೈದ್ಯಕೀಯ ಕಾರಣಕ್ಕೆ ಒಟ್ಟು 12 ತಿಂಗಳವರೆಗೂ ಕಮ್ಮಿ ಕ್ರೆಡಿಟ್ಟಲ್ಲಿ ಇರ್ಬಹುದು, ಆದ್ರೆ ಅನುಮತಿ ಮೊದಲು, ಕಮ್ಮಿ ಮಾಡೋದು ಆಮೇಲೆ. ಇದು ತಿರುಗುಮುರುಗಾದ್ರೆ ವೀಸಾಗೇ ಕುತ್ತು.

ಮಗು ಬಂದ ಮೇಲೆ ಮನೇಲಿ ಯಾರಿರ್ತಾರೆ ಅನ್ನೋದನ್ನ ಈಗ್ಲೇ ಮಾತಾಡ್ಕೊಳ್ಳಿ. ಮೇರಿ ಕ್ಯೂರಿ ಕಥೆ ಎಲ್ರೂ ಹೇಳ್ತಾರೆ, ಮಾವನ ಕಥೆ ಯಾರೂ ಹೇಳಲ್ಲ. ಮಗಳು ಐರೀನ್ ಹುಟ್ಟಿದ್ದು 1897ರ ಸೆಪ್ಟೆಂಬರಲ್ಲಿ, ಮೇರಿ ಯುರೇನಿಯಂ ಕಿರಣಗಳ ಮೇಲೆ ಡಾಕ್ಟರೇಟ್ ಕೆಲಸ ಶುರು ಮಾಡಿದ್ದು ಅದೇ ವರ್ಷದ ಡಿಸೆಂಬರಲ್ಲಿ. ಅದೇ ಹೊತ್ತಿಗೆ ಅತ್ತೆ ತೀರ್ಕೊಂಡ್ರು, ಮಾವ ಯುಜೀನ್ ಕ್ಯೂರಿ, ಡಾಕ್ಟರು, ಇವರ ಮನೆಗೇ ಬಂದು ಮೊಮ್ಮಗಳನ್ನ ನೋಡ್ಕೊಂಡ್ರು. ಮರುವರ್ಷ ಪೊಲೋನಿಯಂ, ರೇಡಿಯಂ ಎರಡೂ ಸಿಕ್ತು. ನಿಮ್ಮಲ್ಲಿ ಆ ಕೆಲಸ ಯಾರ ಪಾಲಿಗೆ? ಗಂಡ ಎಷ್ಟು ತಿಂಗಳು ರಜೆ ಹಾಕ್ತಾರೆ ಅನ್ನೋದೂ ಅದೇ ಪ್ಲಾನಲ್ಲಿ ಬರೀಬೇಕು. ಕ್ಯಾಂಪಸ್ ಡೇಕೇರ್ ಇದ್ರೆ ವೇಟಿಂಗ್ ಲಿಸ್ಟಿಗೆ ಇವತ್ತೇ ಹೆಸರು ಕೊಡಿ, ಮಗು ಹುಟ್ಟಿದ ಮೇಲೆ ಕೊಟ್ರೆ ಅದು ಸ್ಕೂಲಿಗೆ ಹೋಗೋ ಹೊತ್ತಿಗೆ ಸೀಟು ಸಿಗತ್ತೆ.

ಪ್ರಶ್ನೆ: ಹೆಂಡತಿಗೆ ಪಿಎಚ್‌ಡಿ ಸಿಕ್ಕಿದೆ. ನಾನು ಸಾಫ್ಟ್‌ವೇರ್. ಕೆಲಸ ಬಿಟ್ಟು ಜೊತೆಗೆ ಹೋದ್ರೆ ಅಲ್ಲಿ ದುಡೀಬಹುದಾ? ಅಮೆರಿಕ, ಜರ್ಮನಿ ಎರಡೂ ಆಫರ್ ಇದೆ. ಇಬ್ಬರೂ ಬೇರೆ ಬೇರೆ ಇದ್ರೆ ಆಗಲ್ವಾ ಅಂತ ಮನೇಲಿ ಕೇಳ್ತಾರೆ.

ಉತ್ತರ: ಇದನ್ನ ಕೇಳಿದ್ದು ಗಂಡಸು ಅನ್ನೋದೇ ಖುಷಿ. ಅಮೆರಿಕದಲ್ಲಿ ಅವ್ರು ಎಫ್-1 ಆದ್ರೆ ನೀವು ಎಫ್-2, ಒಂದು ರೂಪಾಯಿ ಕೆಲಸ ಮಾಡೋ ಹಾಗಿಲ್ಲ. ಜೆ-1 ಅನ್ನೋ ಎಕ್ಸ್‌ಚೇಂಜ್ ವೀಸಾ ಆದ್ರೆ ನೀವು ಜೆ-2, ಅರ್ಜಿ ಹಾಕಿ ವರ್ಕ್ ಪರ್ಮಿಟ್ ತಗೋಬಹುದು, ಆದ್ರೆ ಕೆಲವು ಜೆ-1ಗಳಿಗೆ ಮುಗಿದ ಮೇಲೆ ಎರಡು ವರ್ಷ ಸ್ವಂತ ದೇಶದಲ್ಲಿ ಇರ್ಲೇಬೇಕು ಅನ್ನೋ ಗಂಟು ಇರತ್ತೆ, ಅದನ್ನ ನೋಡ್ಕೊಳ್ಳಿ. ಜರ್ಮನಿಯಲ್ಲಿ ಸಂಗಾತಿಯಾಗಿ ಪರ್ಮಿಟ್ ಮೇಲೆ ಹೋದೋರು ಕೆಲಸ ಮಾಡ್ಬಹುದು. ಬ್ರಿಟನ್ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ, 2024ರ ಜನವರಿಯಿಂದ ಕ್ಲಾಸ್‌ರೂಮ್ ಮಾಸ್ಟರ್ಸ್‌ಗೆ ಹೋಗೋರು ಕುಟುಂಬ ಕರ್ಕೊಂಡು ಹೋಗೋ ಹಾಗಿಲ್ಲ, ಪಿಎಚ್‌ಡಿಯೋರಿಗೆ ಆ ನಿರ್ಬಂಧ ಇಲ್ಲ. ಸಂಗಾತಿಯ ಹೆಲ್ತ್ ಇನ್ಶೂರೆನ್ಸ್ ಅಮೆರಿಕದಲ್ಲಿ ಬೇರೆಯಾಗೇ ಕಟ್ಬೇಕು, ಅದು ಸ್ಟೈಪೆಂಡಲ್ಲಿ ದೊಡ್ಡ ತುತ್ತು ತಿಂದುಬಿಡತ್ತೆ. ಹೀಗೆ ಲೆಕ್ಕ ಹಾಕಿದ್ರೆ ಕಾಗದದಲ್ಲಿ ಕಮ್ಮಿ ಕಾಣೋ ಜರ್ಮನ್ ಸಂಬಳ, ಎರಡು ಸಂಬಳ ಆದ್ಮೇಲೆ ಕಮ್ಮಿ ಇರಲ್ಲ.

ಬೇರೆ ಬೇರೆ ಇರೋದು ಆಗತ್ತೆ, ಆದ್ರೆ ಕೊನೇ ದಿನಾಂಕ ಇಲ್ದೆ ಬೇಡ. "ಎರಡು ವರ್ಷ, ಆಮೇಲೆ ಯಾರು ಜಾಗ ಬದಲಿಸೋದು" ಅಂತ ಇಬ್ಬರೂ ಮೊದಲೇ ಒಪ್ಕೊಂಡಿರ್ಬೇಕು. ಸಾಮಾನ್ಯವಾಗಿ ಬದಲಿಸೋದು ಹೆಂಗಸರೇ. ಜೋಸಲಿನ್ ಬೆಲ್ ಬರ್ನೆಲ್ 1967ರಲ್ಲಿ ಕೇಂಬ್ರಿಜಲ್ಲಿ ಪಿಎಚ್‌ಡಿ ಸ್ಟೂಡೆಂಟ್ ಆಗಿದ್ದಾಗ್ಲೇ ಪಲ್ಸಾರ್ (ಮಿಡಿಯೋ ಹಾಗೆ ರೇಡಿಯೋ ಅಲೆ ಕಳಿಸೋ ನಕ್ಷತ್ರ) ಪತ್ತೆ ಮಾಡಿದೋರು, ಆಮೇಲೆ ಗಂಡನ ಕೆಲಸ ಹೋದಲ್ಲೆಲ್ಲ ಹೋಗಿ, ಮಗನನ್ನ ಬೆಳೆಸ್ತಾ, ವರ್ಷಗಟ್ಲೆ ಪಾರ್ಟ್ ಟೈಮ್ ಕೆಲಸ ಮಾಡಿದ್ರು, ಊರು ಬದಲಾದ ಹಾಗೆ ರೇಡಿಯೋದಿಂದ ಗಾಮಾ ಕಿರಣ, ಎಕ್ಸ್ ರೇ, ಇನ್‌ಫ್ರಾರೆಡ್ ಅಂತ ಅವರ ಸಂಶೋಧನೆ ವಿಷಯಾನೂ ಬದಲಾಯ್ತು. 2018ರಲ್ಲಿ ಅವ್ರಿಗೆ ಬ್ರೇಕ್‌ಥ್ರೂ ಪ್ರಶಸ್ತಿ ಅಂತ 30 ಲಕ್ಷ ಡಾಲರ್ ಬಂತು, ಅಷ್ಟನ್ನೂ ಫಿಸಿಕ್ಸಲ್ಲಿ ಕಮ್ಮಿ ಇರೋ ಸಮುದಾಯಗಳ ಪಿಎಚ್‌ಡಿ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ಪಿಗೆ ಕೊಟ್ಬಿಟ್ರು. ನಿಮ್ಮ ಮನೇಲಿ ಬದಲಿಸೋರು ನೀವು ಅಂತಿದ್ರೆ, ಹೋಗೋ ಮುಂಚೆ ಈಗಿನ ಕಂಪನಿಲೇ ಆ ದೇಶಕ್ಕೆ ಟ್ರಾನ್ಸ್‌ಫರ್ ಸಾಧ್ಯನಾ ಕೇಳಿ ನೋಡಿ.

ಪ್ರಶ್ನೆ: ಸ್ಟೈಪೆಂಡಲ್ಲಿ ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸ್ಬಹುದಾ?

ಉತ್ತರ: ಮೊದಲ ವರ್ಷ ಆಗಲ್ಲ ಅಂತಲೇ ಮನೇಲಿ ಹೇಳಿ ಹೊರಡಿ. ಸ್ಟೈಪೆಂಡ್ ಬರೋದು ತಿಂಗಳ ಕೊನೆಗೆ, ಮನೆ ಅಡ್ವಾನ್ಸು ಕೊಡೋದು ಮೊದಲ ದಿನ. ಎರಡು ತಿಂಗಳ ಖರ್ಚು ಕೈಲಿರ್ಲಿ. ಆಮೇಲೆ ಕಳಿಸೋದಾದ್ರೂ ಸ್ವಲ್ಪ, ಬಾಯಲ್ಲಿ ಅಂಕಿ ಒಪ್ಕೊಂಡು ಸಿಕ್ಕಿಹಾಕ್ಕೋಬೇಡಿ.

ಪ್ರಶ್ನೆ: ಮೂರನೇ ವರ್ಷ ನಡೀತಿದೆ. ಗೈಡ್ ಮೊನ್ನೆ ಕರೆದು "ಗ್ರಾಂಟ್ ರಿನ್ಯೂ ಆಗ್ಲಿಲ್ಲ, ಮುಂದಿನ ಸೆಮಿಸ್ಟರಿಂದ ನಿಂಗೆ ದುಡ್ಡಿಲ್ಲ" ಅಂದ್ರು. ಬಿಟ್ಟು ವಾಪಸ್ ಹೋಗ್ಲಾ ಅನ್ಸ್ತಿದೆ.

ಉತ್ತರ: ಗೈಡ್ ಹತ್ರ ದುಡ್ಡಿಲ್ಲ ಅಂದ್ರೆ ಡಿಪಾರ್ಟ್‌ಮೆಂಟ್ ಹತ್ರ ಇಲ್ಲ ಅಂತ ಅಲ್ಲ. ನಿಮ್ಮ ಹಳೇ ಆಫರ್ ಲೆಟರ್ ತೆಗೀರಿ, ಅದರಲ್ಲಿ ಐದು ವರ್ಷದ ಗ್ಯಾರಂಟಿ ಇದ್ರೆ ಅದು ಬರೆದುಕೊಟ್ಟಿರೋ ಮಾತು, ಗ್ರಾಜುಯೇಟ್ ಡೈರೆಕ್ಟರ್ ಹತ್ರ ಅದನ್ನ ಇಟ್ಕೊಂಡು ಹೋಗಿ ಟಿಎ ಕೊಡಿ ಅಂತ ಕೇಳಿ. ಗ್ಯಾರಂಟಿ ಇಲ್ದಿದ್ರೂ ಟಿಎ ಕೇಳಿ, ಯಾರಾದ್ರೂ ಲೀವ್ ಹಾಕಿರ್ತಾರೆ, ಯಾರೋ ಬಿಟ್ಟಿರ್ತಾರೆ. ಜೊತೆಗೆ ನಿಮ್ಮ ಥೀಸಿಸ್ ಕಮಿಟಿಲಿರೋ ಇನ್ನೊಬ್ಬ ಪ್ರೊಫೆಸರ್, ನಿಮ್ಮ ವಿಷಯಕ್ಕೆ ಹತ್ರ ಇರೋರು, ಕೋ-ಗೈಡ್ ಆಗಿ ಅರ್ಧ ಸ್ಟೈಪೆಂಡ್ ಹಾಕೋಕೆ ಒಪ್ತಾರಾ ವಿಚಾರಿಸಿ. ಗೈಡ್ ಬಗ್ಗೆ ಕಹಿ ಬೇಡ, ಗ್ರಾಂಟ್ ಹೋದ್ರೆ ಅವ್ರಿಗೂ ಅದು ಕೆಟ್ಟ ವರ್ಷವೇ, ಆದ್ರೆ ಒಂದು ಮಾತು ನಿಜ, ಗ್ರಾಂಟ್ ಮುಗಿಯೋ ತಾರೀಕು ಅವ್ರಿಗೆ ಮೊದಲ ದಿನದಿಂದ್ಲೇ ಗೊತ್ತಿತ್ತು, ನಿಮಗೂ ಮುಂಚೆನೇ ಹೇಳ್ಬೇಕಿತ್ತು.

ಎಲ್ಲ ಬಾಗಿಲೂ ಮುಚ್ಚಿದ್ರೆ ಖಾಲಿ ಕೈಲಿ ಹೊರಡ್ಬೇಡಿ. ಅಮೆರಿಕದ ಎಷ್ಟೋ ಪ್ರೋಗ್ರಾಂಗಳಲ್ಲಿ ಕೋರ್ಸು, ಕ್ವಾಲಿಫೈಯರ್ ಪರೀಕ್ಷೆ ಮುಗಿಸಿದ್ರೆ ಮಾಸ್ಟರ್ಸ್ ಡಿಗ್ರಿ ತಗೊಂಡು ಹೊರಗೆ ಬರ್ಬಹುದು, ನಿಮಗೆ ಎಷ್ಟು ಕ್ರೆಡಿಟ್ ಬಾಕಿ ಇದೆ ಲೆಕ್ಕ ಹಾಕಿ, ಆ ಡಿಗ್ರಿಗೆ ಅರ್ಜಿ ಹಾಕೋ ಕೊನೇ ದಿನ ಸೆಮಿಸ್ಟರ್ ಶುರುನಲ್ಲೇ ಇರತ್ತೆ. ಮತ್ತೆ ಈ ನಿರ್ಧಾರಾನ ಗೈಡ್ ಮಾತಾಡಿದ ವಾರದಲ್ಲೇ ತಗೋಬೇಡಿ.

ಪ್ರಶ್ನೆ: ನಂಗೆ 35. ಹತ್ತು ವರ್ಷ ಕಾಲೇಜಲ್ಲಿ ಪಾಠ ಮಾಡಿ ಈಗ ಪಿಎಚ್‌ಡಿ ಮಾಡೋ ಮನಸ್ಸಾಗಿದೆ. ಇಬ್ಬರು ಮಕ್ಕಳು. ಲೇಟಾಯ್ತಾ?

ಉತ್ತರ: ಮೇಲೆ ಹೇಳಿದ ಮೇರಿ ಕ್ಯೂರಿಗೆ 1903ರಲ್ಲಿ ಡಾಕ್ಟರೇಟ್ ಸಿಕ್ಕಾಗ 35. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ 1970ರಲ್ಲಿ ಶುರು ಮಾಡಿದ ಆಸ್ಟ್ರೋಫಿಸಿಕ್ಸ್ ಪಿಎಚ್‌ಡಿನ ಮಧ್ಯೆ ನಿಲ್ಲಿಸಿ ಹಾಡು ಕಡೆ ಹೋದೋರು, ಇಂಪೀರಿಯಲ್ ಕಾಲೇಜಲ್ಲಿ ಅದನ್ನ ಮುಗಿಸಿದ್ದು 2007ರಲ್ಲಿ. ನಿಮ್ಮ ಹತ್ರ ಅಷ್ಟು ದುಡ್ಡಿಲ್ಲ ಅಂತ ಗೊತ್ತು, ನನ್ನ ಹತ್ರಾನೂ ಇಲ್ಲ.

ವಯಸ್ಸಿಗಿಂತ ನಿಮಗೆ ಅಡ್ಡ ಬರೋದು ಫೆಲೋಶಿಪ್ ನಿಯಮಗಳು. ಕೆಲವು ವಯಸ್ಸು ನೋಡ್ತವೆ, ಕೆಲವು ಹಿಂದಿನ ಡಿಗ್ರಿ ಮುಗಿದು ಎಷ್ಟು ವರ್ಷ ಆಯ್ತು ಅಂತ ನೋಡ್ತವೆ, ಆಕೆ ಹೆಸರಲ್ಲಿರೋ ಯೂರೋಪಿನ ಪಿಎಚ್‌ಡಿ ಯೋಜನೆ, ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳು, ಎರಡನ್ನೂ ಬಿಟ್ಟು ಬೇರೇನೋ ನೋಡ್ತವೆ: ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರ್ಬಾರ್ದು ಅಷ್ಟೇ. ಡಾಕ್ಟರೇಟ್ ಇನ್ನೂ ಇರ್ಬಾರ್ದು, ಅದು ನಿಮ್ಮ ಹತ್ರ ಇಲ್ಲ. ಸಂಬಳದ ಜೊತೆ ಕುಟುಂಬ ಇದ್ದೋರಿಗೆ ಪ್ರತ್ಯೇಕ ಭತ್ಯೆನೂ ಇದೆ. ನಿಮ್ಮಂಥೋರಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಹುದ್ದೆಗಳು ಯೂರೋಪಿಯನ್ ಕಮಿಷನ್ನಿನ ಯೂರ್‌ಆಕ್ಸೆಸ್ ಪೋರ್ಟಲಲ್ಲಿ ಬರ್ತಾ ಇರ್ತವೆ, ಅಲರ್ಟ್ ಹಾಕಿ ಇಡಿ. ಅಪ್ಲೈ ಮಾಡುವಾಗ ಹತ್ತು ವರ್ಷ ಪಾಠ ಮಾಡಿದ್ದನ್ನ ಸಿವಿಲಿ ಕೊನೇ ಸಾಲಿಗೆ ತಳ್ಬೇಡಿ. ಆ ಹತ್ತು ವರ್ಷದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಎಷ್ಟು ಮಾಡಿಸಿದೀರಿ, ಯಾವ ಇನ್ಸ್ಟ್ರುಮೆಂಟ್ ನಿಮ್ಮ ಕೈಲಿ ಓಡ್ತಿತ್ತು, ಅದನ್ನ ಮೇಲೆ ಹಾಕಿ.